ಯೆರೆಮೀಯ ಕೊಂಡದ್ದು ಬೆಲ್ಟೋ, ಇಜಾರವೋ?

ಪ್ರವಾದಿ ಯೆರೆಮೀಯನಿಗೆ ದೇವರು ಒಪ್ಪಿಸಿದ ಕೆಲಸಗಳಲ್ಲಿ ತೀರ ವಿಚಿತ್ರವಾದ ಒಂದು ಅವನ ಗ್ರಂಥದ 13ನೆಯ ಅಧ್ಯಾಯದ ಮೊದಲಲ್ಲೇ ಬರುತ್ತದೆ. ಹೋಗಿ ನಾರುಬಟ್ಟೆಯ ನಡುಕಟ್ಟೊಂದನ್ನು ಕೊಂಡುಕೋ, ಸೊಂಟಕ್ಕೆ ಸುತ್ತಿಕೋ, ನೀರಿಗೆ ಮಾತ್ರ ಹಾಕಬೇಡ. ಯೆರೆಮೀಯ ಹಾಗೆಯೇ ಮಾಡುತ್ತಾನೆ. ಆಮೇಲೆ ಇನ್ನೊಂದು ಅಪ್ಪಣೆ: ಅದನ್ನು ತೆಗೆದುಕೊಂಡು ಪೆರಾತ್‌ಗೆ ಹೋಗಿ ಬಂಡೆಯ ಸಂದಿಯಲ್ಲಿ ಬಚ್ಚಿಡು. ಬಹಳ ದಿನಗಳಾದ ಮೇಲೆ ಮತ್ತೆ ಹೋಗಿ ತೆಗೆದು ನೋಡಿದರೆ ಬಟ್ಟೆ ಹಾಳಾಗಿದೆ, ಯಾವ ಕೆಲಸಕ್ಕೂ ಬಾರದು.

ಈ ಕಥೆಯನ್ನು ಮೊದಲು ಓದಿದಾಗ ನನ್ನನ್ನು ತಡೆದದ್ದು ಬಂಡೆಯೂ ಅಲ್ಲ, ಪ್ರಯಾಣವೂ ಅಲ್ಲ. ಆ ‘ನೀರಿಗೆ ಹಾಕಬೇಡ’ ಎಂಬ ಮಾತು. ಬೆಲ್ಟನ್ನು ಯಾರಾದರೂ ನೀರಿಗೆ ಹಾಕುತ್ತಾರೆಯೇ? ಒಗೆಯಬೇಡ ಎಂದು ಎಚ್ಚರಿಸಬೇಕಾದರೆ ಅದು ಒಗೆಯುವ ಬಟ್ಟೆಯೇ ಆಗಿರಬೇಕು. ಹಾಗಾದರೆ ಯೆರೆಮೀಯ ಅಂಗಡಿಯಲ್ಲಿ ಕೊಂಡದ್ದಾದರೂ ಏನು?

ಮೂಲ ಹೀಬ್ರೂವಿನಲ್ಲಿ ಇರುವ ಪದ ‘ಏಜೋರ್’. ಅನುವಾದಗಳಲ್ಲಿ ಅದು ನಡುಕಟ್ಟು, ಸೊಂಟಪಟ್ಟಿ, ಬೆಲ್ಟ್ ಎಂದೆಲ್ಲ ಆಗಿದೆ. ತೊಂದರೆ ಏನೆಂದರೆ ಇದೇ ‘ನಡುಕಟ್ಟು’ ಹೀಬ್ರೂವಿನ ಇನ್ನೆರಡು ಮೂರು ಬೇರೆ ಪದಗಳ ಜಾಗದಲ್ಲೂ ಬಂದು ಕೂರುತ್ತದೆ. ನಮ್ಮಲ್ಲೇ ನೋಡಿ: ಸೊಂಟಕ್ಕೆ ಸಂಬಂಧಪಟ್ಟ ಪದಗಳು ಎಷ್ಟಿವೆ! ಉಡಿದಾರ, ಡಾಬು, ಒಡ್ಯಾಣ, ದಟ್ಟಿ, ಕಾಸೆ, ಲಂಗೋಟಿ. ಕೂಸಿನ ಉಡಿದಾರವನ್ನೂ ಮದುವಣಗಿತ್ತಿಯ ಡಾಬನ್ನೂ ಪೈಲ್ವಾನನ ಲಂಗೋಟಿಯನ್ನೂ ಒಬ್ಬ ಪರದೇಶಿ ಅನುವಾದಕ ಒಂದೇ ಸಮನೆ ಬೆಲ್ಟ್ ಎಂದು ಬರೆದುಬಿಟ್ಟರೆ ನಾವು ನಗುತ್ತೇವೆ. ಹೀಬ್ರೂವಿನ ಸೊಂಟಕ್ಕೆ ಆಗಿರುವುದು ಸರಿಯಾಗಿ ಇದೇ.

‘ಏಜೋರ್’ ಹೀಬ್ರೂ ಬೈಬಲ್‌ನಲ್ಲಿ ಒಟ್ಟು 14 ಸಲ ಬರುತ್ತದೆ. ಅದರಲ್ಲಿ 8 ಸಲ ಯೆರೆಮೀಯನ ಈ ಒಂದೇ ಕಥೆಯಲ್ಲಿ. ಉಳಿದವು ಯೆಶಾಯ, ಯೋಬ, ಯೆಹೆಜ್ಕೇಲ ಮತ್ತು ಅರಸುಗಳ ಎರಡನೆಯ ಗ್ರಂಥದಲ್ಲಿ ಚದುರಿವೆ. ಪದದ ಧಾತು ಆಲೆಫ್, ಜಾಯಿನ್, ರೇಶ್ ಎಂಬ ಮೂರು ವ್ಯಂಜನಗಳದು. ಸುತ್ತುವುದು, ಬಿಗಿಯುವುದು ಎಂಬ ಅರ್ಥ. ಈ ಧಾತುವಿನ ದಾಯಾದಿಗಳು ಹೀಬ್ರೂವಿನ ನೆರೆಯ ಭಾಷೆಗಳಲ್ಲೂ ಇದ್ದಾರೆ. ಸಿರಿಯದ ಕರಾವಳಿಯಲ್ಲಿ ದೊರೆತ ಉಗಾರಿತ್ ಜೇಡಿಮಣ್ಣಿನ ಹಲಗೆಗಳಲ್ಲಿ, ಬಾಳ್ ದೇವತೆ ಸತ್ತ ಸುದ್ದಿ ಕೇಳಿ ಹಿರಿಯ ದೇವನಾದ ಏಲ್ ಸಿಂಹಾಸನದಿಂದ ಇಳಿದು ಮಣ್ಣಿನಲ್ಲಿ ಕುಳಿತು ಸೊಂಟಕ್ಕೆ ಶೋಕದ ಬಟ್ಟೆ ಸುತ್ತಿಕೊಳ್ಳುತ್ತಾನೆ. ಆ ಬಟ್ಟೆಯ ಹೆಸರು ಇದೇ ಧಾತುವಿನದು. ಅರಬ್ಬಿಯಲ್ಲಿ ‘ಇಜಾರ್’ ಎಂದರೆ ಸೊಂಟದಿಂದ ಕೆಳಕ್ಕೆ ಸುತ್ತಿಕೊಳ್ಳುವ ಬಟ್ಟೆ. ಹಜ್ ಯಾತ್ರೆಗೆ ಹೋಗುವ ಗಂಡಸರು ಉಡುವ ಎರಡು ಹೊಲಿಗೆಯಿಲ್ಲದ ಬಿಳಿ ಬಟ್ಟೆಗಳಲ್ಲಿ ಕೆಳಗಿನದಕ್ಕೆ ಇಂದಿಗೂ ಅದೇ ಹೆಸರು. ಮತ್ತು ಈ ಇಜಾರ್ ಪಾರಸಿಯ ದಾರಿ ಹಿಡಿದು ನಮ್ಮವರೆಗೂ ಬಂದಿದೆ: ಅಜ್ಜಂದಿರು ಷರಾಯಿಗೆ ಹೇಳುತ್ತಿದ್ದ ‘ಇಜಾರ’ ಅದೇ. (ಗುತ್ತಿಗೆ ಎಂಬರ್ಥದ ‘ಇಜಾರೆ’ ಬೇರೆ, ಅದರ ಧಾತುವೇ ಬೇರೆ.)

ದಾಯಾದಿಗಳೆಲ್ಲ ಬಟ್ಟೆಯಾಗಿರುವಾಗ ಏಜೋರ್ ಒಂದೇ ಪಟ್ಟಿಯಾಗಿರಬೇಕಾಗಿಲ್ಲ. ಸೊಂಟದಿಂದ ತೊಡೆಯವರೆಗೆ ಸುತ್ತುವ, ಮೈಗೆ ತಾಗಿಕೊಂಡೇ ಇರುವ ತುಂಡುಪಂಚೆಯಂಥದ್ದು ಎಂದು ಭಾವಿಸಿಕೊಳ್ಳಿ. ಈಜಿಪ್ಟಿನ ಬೆನಿ ಹಸನ್ ಎಂಬಲ್ಲಿ ಖ್ನುಮ್‌ಹೋತೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ, ಕ್ರಿಸ್ತಪೂರ್ವ 1900ರ ಆಸುಪಾಸಿನಲ್ಲಿ ಬರೆದ ಚಿತ್ರವೊಂದಿದೆ. ಪೂರ್ವದಿಂದ ಈಜಿಪ್ಟಿಗೆ ಬರುತ್ತಿರುವ ಜನರ ಗುಂಪು ಅದು. ಅವರಲ್ಲಿ ಕೆಲವು ಗಂಡಸರು ಬರಿಮೈಯಲ್ಲಿ, ಸೊಂಟಕ್ಕೆ ಬಣ್ಣದ ಗೆರೆಗಳ ಗಿಡ್ಡ ಬಟ್ಟೆಯನ್ನು ಸುತ್ತಿಕೊಂಡು ನಡೆಯುತ್ತಿದ್ದಾರೆ. ಯೆರೆಮೀಯನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಚಿತ್ರ ನಿಜ. ಆದರೆ ಆ ಸೀಮೆಯ ಗಂಡಸಿನ ಸೊಂಟದ ಮೇಲೆ ಏನಿರುತ್ತಿತ್ತು ಎಂಬುದಕ್ಕೆ ಅಂದಾಜು ಸಿಗುತ್ತದೆ.

ಹಳೆಯ ಅನುವಾದಕರಿಗೆ ಇದು ಹೊಳೆದಿತ್ತು. ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದ ಯೆರೆಮೀಯನ ಕಥೆಯಲ್ಲಿ ‘ಪೆರಿಜೋಮಾ’ ಎನ್ನುತ್ತದೆ, ಅಂದರೆ ಸೊಂಟವಸ್ತ್ರ. ಅದೇ ಅನುವಾದ ಇನ್ನೊಬ್ಬ ಪ್ರವಾದಿ ಎಲೀಯನ ಸೊಂಟದ ಏಜೋರನ್ನು ‘ಜೋನೇ’ ಎನ್ನುತ್ತದೆ, ಅದು ಪಟ್ಟಿ. ಜೆರೋಮ್ ಎಂಬ ವಿದ್ವಾಂಸನ ಲ್ಯಾಟಿನ್ ಅನುವಾದದಲ್ಲಿಯೂ ಇದೇ ಭೇದವಿದೆ. ಸಂದರ್ಭ ನೋಡಿ ಪದ ಬದಲಿಸುವ ಈ ವಿವೇಕ ಆಮೇಲೆ ಸವೆದುಹೋಯಿತು. 1611ರ ಇಂಗ್ಲಿಷ್ ಬೈಬಲ್ ಎರಡಕ್ಕೂ ಒಂದೇ ಪದ ಹಾಕಿತು.

ಈಗ ಯೆರೆಮೀಯನ ಕಥೆಯ ಕೊನೆಗೆ ಬರೋಣ. 11ನೆಯ ವಚನದಲ್ಲಿ ದೇವರೇ ಒಗಟನ್ನು ಬಿಡಿಸುತ್ತಾನೆ: ಏಜೋರ್ ಮನುಷ್ಯನ ಸೊಂಟಕ್ಕೆ ಅಂಟಿಕೊಳ್ಳುವ ಹಾಗೆ ಇಸ್ರಾಯೇಲಿನ ಮನೆತನವನ್ನೂ ಯೆಹೂದದ ಮನೆತನವನ್ನೂ ನನಗೆ ಅಂಟಿಸಿಕೊಂಡಿದ್ದೆ, ಅವರು ಕೇಳಲಿಲ್ಲ. ಇಲ್ಲಿ ಅಂಟಿಕೊಳ್ಳುವುದಕ್ಕೆ ಇರುವ ಕ್ರಿಯಾಪದ ‘ದಾಬಕ್’. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ಗಂಡಸು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರುತ್ತಾನೆ ಎನ್ನುವಾಗ ಬರುವುದೂ ಇದೇ ಪದ. ನಾಲಿಗೆ ಬಾಯಿಯ ಅಂಗುಳಕ್ಕೆ ಅಂಟುವುದಕ್ಕೂ ಇದೇ. ಬೆಲ್ಟ್ ಅಂಟುವುದಿಲ್ಲ, ಬಿಗಿಯುತ್ತದೆ. ಅಂಟುವುದು ಮೈಬಟ್ಟೆ, ಅದೂ ಬೆವರಿನಲ್ಲಿ. ದೇವರು ತನ್ನ ಜನರನ್ನು ತನ್ನ ಒಳಉಡುಪಿಗೆ ಹೋಲಿಸಿಕೊಳ್ಳುತ್ತಿದ್ದಾನೆ! ಭಕ್ತಿಯ ಭಾಷೆಯಲ್ಲಿ ಇಷ್ಟು ಸಲಿಗೆಯ ಹೋಲಿಕೆ ಅಪರೂಪ. ಅನುವಾದಕರು ಮುಜುಗರಪಟ್ಟು ಬೆಲ್ಟ್ ಎಂದಿದ್ದರೆ ಆಶ್ಚರ್ಯವಿಲ್ಲ, ಆದರೆ ಹಾಗೆಂದ ಕ್ಷಣ ಹೋಲಿಕೆಯ ಜೀವ ಹೋಗುತ್ತದೆ.

ನೀರಿಗೆ ಹಾಕಬೇಡ ಎಂಬುದೂ ಈಗ ಅರ್ಥವಾಗುತ್ತದೆ. ಹೊಸ ಬಟ್ಟೆಯ ಗಂಜಿ ಹೋಗಬಾರದು ಎಂದು ಹಾಗೆ ಹೇಳಿದ್ದು ಎನ್ನುವವರಿದ್ದಾರೆ. ಕೊಳೆ ಒಳಗೇ ಉಳಿದು ಬಟ್ಟೆ ಬೇಗ ಕೊಳೆಯಲಿ ಎಂದು ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಒಗೆಯದ ಮೈಬಟ್ಟೆ ಏನಾಗುತ್ತದೆ ಎಂದು ಪ್ರವಾದಿಯ ಸುತ್ತಲಿನವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾರುಬಟ್ಟೆಯೇ ಏಕೆ ಎಂಬುದಕ್ಕೂ ಕಾರಣ ಕಾಣಬಹುದು. ಅಗಸೆ ನಾರಿನ ಬಟ್ಟೆ ಯಾಜಕರ ಉಡುಪು. ಯೆರೆಮೀಯ ಅನಾತೋತ್ ಊರಿನ ಯಾಜಕರ ಮನೆತನದವನು.

ಪೆರಾತ್ ಎಲ್ಲಿ ಎಂಬುದು ಇನ್ನೊಂದು ಜಗಳ. ಆ ಹೆಸರು ಸಾಮಾನ್ಯವಾಗಿ ಯೂಫ್ರೇಟಿಸ್ ನದಿಯದು. ಹಾಗಿದ್ದರೆ ಒಂದು ತುಂಡು ಬಟ್ಟೆಗಾಗಿ ಪ್ರವಾದಿ ನೂರಾರು ಕಿಲೋಮೀಟರ್ ಎರಡು ಸಲ ಹೋಗಿ ಎರಡು ಸಲ ಬಂದಂತಾಯಿತು. ಬಾಬಿಲೋನಿನಿಂದ ಯೆರೂಸಲೇಮಿಗೆ ಬರಲು ಯೆಹೂದ್ಯ ಶಾಸ್ತ್ರಿ ಎಜ್ರನಿಗೆ 4 ತಿಂಗಳು ಹಿಡಿದಿತ್ತು ಎಂಬುದನ್ನು ನೆನೆದರೆ ಇದರ ಭಾರ ತಿಳಿಯುತ್ತದೆ. ಅನಾತೋತಿಗೆ ಹತ್ತಿರದಲ್ಲೇ ಪಾರಾ ಎಂಬ ಊರಿತ್ತು; ಯೆಹೋಶುವನ ಗ್ರಂಥದ ಪಟ್ಟಿಯಲ್ಲಿ ಅದರ ಹೆಸರಿದೆ. ‘ಪಾರಾಕ್ಕೆ’ ಎನ್ನುವುದೂ ‘ಪೆರಾತ್‌ಗೆ’ ಎನ್ನುವುದೂ ಹೀಬ್ರೂ ಬರಹದಲ್ಲಿ ಒಂದೇ ರೂಪ ತಾಳಬಲ್ಲವು. ಪ್ರವಾದಿ ಪಕ್ಕದ ಕಣಿವೆಗೆ ಹೋಗಿ, ಹೆಸರಿನ ಶ್ಲೇಷೆಯಿಂದ ಯೂಫ್ರೇಟಿಸ್ ದಂಡೆಯ ಬಾಬಿಲೋನನ್ನು ನೆನಪಿಸಿದ ಎಂದು ಹಲವರ ಊಹೆ. ಶ್ಲೇಷೆಯನ್ನು ಇಷ್ಟಪಡುವ ಜನ ಅವರು. ನನಗೆ ಇದರಲ್ಲಿ ನಂಬಲಾರದ್ದೇನೂ ಕಾಣದು.

ಎಲೀಯನ ಏಜೋರ್ ಬೇರೆ ಬಗೆಯದು. ಮಹಡಿಯ ಜಾಲರಿಯಿಂದ ಬಿದ್ದು ಹಾಸಿಗೆ ಹಿಡಿದ ಅರಸ ಅಹಜ್ಯ, ತಾನು ಬದುಕುತ್ತೇನೆಯೇ ಎಂದು ಎಕ್ರೋನಿನ ದೇವರನ್ನು ಕೇಳಲು ಆಳುಗಳನ್ನು ಕಳಿಸುತ್ತಾನೆ. ದಾರಿಯಲ್ಲಿ ಯಾರೋ ಅವರನ್ನು ತಡೆದು, ಅರಸ ಸಾಯುವುದು ಖಂಡಿತ ಎಂದು ಹೇಳಿ ಕಳಿಸುತ್ತಾನೆ. ಹೇಗಿದ್ದ ಅವನು ಎಂದು ಅರಸ ಕೇಳಿದರೆ, ಮೈತುಂಬ ಕೂದಲಿನವನು, ಸೊಂಟದಲ್ಲಿ ಚರ್ಮದ ಏಜೋರ್ ಎಂದು ಆಳುಗಳು ಹೇಳುತ್ತಾರೆ. ಅರಸನಿಗೆ ಅಷ್ಟು ಸಾಕು: ‘ಅವನು ತಿಷ್ಬೀಯನಾದ ಎಲೀಯ!’ ಹೆಸರು ಬೇಡ, ಊರು ಬೇಡ, ಸೊಂಟವೇ ಗುರುತಿನ ಚೀಟಿ. ಶತಮಾನಗಳ ನಂತರ ಸ್ನಾನಿಕ ಯೋಹಾನನನ್ನು ವರ್ಣಿಸುವಾಗ ಮತ್ತಾಯನು ಒಂಟೆಯ ಕೂದಲಿನ ಉಡುಪು, ಸೊಂಟದಲ್ಲಿ ಚರ್ಮದ ಪಟ್ಟಿ ಎಂದದ್ದು ಈ ಗುರುತನ್ನೇ ಬಳಸಿಕೊಂಡು. ಓದುಗರು ಎಲೀಯನನ್ನು ನೆನೆಯದೆ ಇರುವಂತಿರಲಿಲ್ಲ.

ಏಜೋರ್ ಮೈಬಟ್ಟೆಯಾದರೆ ‘ಹಗೋರ್’ ಅಥವಾ ‘ಹಗೋರಾ’ ಎಂಬ ಪದ ನಾವು ಬೆಲ್ಟ್ ಎನ್ನುವುದಕ್ಕೆ ಹೆಚ್ಚು ಹತ್ತಿರ. ಮಜಾ ಎಂದರೆ ಬೈಬಲ್‌ನಲ್ಲಿ ಇದರ ಮೊದಲ ಪ್ರಯೋಗವೇ ಈ ಮಾತಿಗೆ ಎದುರಾಡುತ್ತದೆ. ಆದಾಮ ಹವ್ವರು ಅಂಜೂರದ ಎಲೆಗಳನ್ನು ಹೊಲಿದು ಮಾಡಿಕೊಂಡದ್ದು ಹಗೋರಾಗಳನ್ನು. ಮಾನ ಮುಚ್ಚುವ ಉಡುಪು ಅದು, ಬೆಲ್ಟ್ ಅಲ್ಲ. ಪದಗಳು ನಿಘಂಟಿನ ಗೆರೆಯೊಳಗೆ ನಿಲ್ಲುವುದಿಲ್ಲ. ಆದರೂ ಹಗೋರಾದ ನಿಜವಾದ ಮನೆ ರಣರಂಗ. ಕತ್ತಿ ಸಿಕ್ಕಿಸುವ ಪಟ್ಟಿ ಅದು; ಕೊಡವರು ಕೆಂಪು ಚೇಲೆಯನ್ನು ಸೊಂಟಕ್ಕೆ ಸುತ್ತಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುವುದನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಯೋನಾತಾನ ಗೆಳೆಯ ದಾವೀದನಿಗೆ ತನ್ನ ನಿಲುವಂಗಿ, ಕತ್ತಿ, ಬಿಲ್ಲುಗಳ ಜೊತೆ ಹಗೋರನ್ನೂ ಬಿಚ್ಚಿ ಕೊಡುತ್ತಾನೆ. ದಾವೀದನ ವಿರುದ್ಧ ದಂಗೆ ಎದ್ದ ಮಗ ಅಬ್ಷಾಲೋಮನು ಮರಕ್ಕೆ ಸಿಕ್ಕಿಕೊಂಡಿದ್ದಾನೆ ಎಂದು ಹೇಳಲು ಬಂದವನಿಗೆ ಸೇನಾಪತಿ ಯೋವಾಬ, ಅವನನ್ನು ಅಲ್ಲೇ ಕೊಂದಿದ್ದರೆ 10 ತುಂಡು ಬೆಳ್ಳಿಯನ್ನೂ ಒಂದು ಹಗೋರಾವನ್ನೂ ಕೊಡುತ್ತಿದ್ದೆ ಎನ್ನುತ್ತಾನೆ. ಪದಕ ಕೊಟ್ಟಂತೆ ಪಟ್ಟಿ ಕೊಡುವುದು.

ಈ ಯೋವಾಬನದೇ ಇನ್ನೊಂದು ಕಥೆ ಇದೆ, ಅದು ಕೊಂಚ ಭೀಕರ. ತನ್ನ ಸ್ಥಾನಕ್ಕೆ ಬಂದಿದ್ದ ಅಮಾಸನಿಗೆ ಅವನು ಗಿಬ್ಯೋನಿನ ಬಳಿ ಎದುರಾಗುತ್ತಾನೆ. ಯೋವಾಬನ ಉಡುಪಿನ ಮೇಲೆ ಹಗೋರ್, ಅದರಲ್ಲಿ ಒರೆಯೊಳಗಿನ ಕತ್ತಿ. ಮುಂದೆ ಬರುತ್ತಿರುವಾಗ ಕತ್ತಿ ಜಾರಿ ಬೀಳುತ್ತದೆ. ‘ಕ್ಷೇಮವೇ ತಮ್ಮಾ’ ಎನ್ನುತ್ತ ಬಲಗೈಯಿಂದ ಅಮಾಸನ ಗಡ್ಡ ಹಿಡಿದು ಮುದ್ದಿಡಲು ಬಾಗುತ್ತಾನೆ; ಇನ್ನೊಂದು ಕೈಯಲ್ಲಿರುವ ಕತ್ತಿ ಅಮಾಸನಿಗೆ ಕಾಣುವುದೇ ಇಲ್ಲ. ದಾವೀದ ಇದನ್ನು ಮರೆಯಲಿಲ್ಲ. ಸಾಯುವ ಮುನ್ನ ಮಗ ಸೊಲೊಮೋನನಿಗೆ ಹೇಳುತ್ತಾನೆ: ಯೋವಾಬ ಯುದ್ಧದ ರಕ್ತವನ್ನು ಶಾಂತಿಕಾಲದಲ್ಲಿ ತನ್ನ ಸೊಂಟದ ಹಗೋರಾಕ್ಕೂ ಕಾಲಿನ ಕೆರಕ್ಕೂ ಹಚ್ಚಿಕೊಂಡ. ಕೊಲೆಯ ಆರೋಪವನ್ನು ಪಟ್ಟಿಯ ಕಲೆಯಾಗಿ ಹೇಳುವ ಈ ಸಾಲು ಹೀಬ್ರೂ ಗದ್ಯದ ತೀಕ್ಷ್ಣ ಸಾಲುಗಳಲ್ಲಿ ಒಂದು ಎಂದು ನನ್ನ ಎಣಿಕೆ.

ಹಗೋರಾದ ಧಾತುವಿನಿಂದ ಬಂದ ಕ್ರಿಯಾಪದಕ್ಕೆ ಕತ್ತಿ ಕಟ್ಟುವುದು, ಗೋಣಿತಟ್ಟು ಸುತ್ತಿ ಶೋಕಿಸುವುದು, ಪ್ರಯಾಣಕ್ಕೆ ಸಿದ್ಧವಾಗುವುದು ಎಲ್ಲವೂ ಒಂದೇ. ಈಜಿಪ್ಟಿನಿಂದ ಹೊರಡುವ ರಾತ್ರಿಯ ಊಟವನ್ನು ನಡುಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೋಲು ಹಿಡಿದುಕೊಂಡು ತಿನ್ನಿರಿ ಎಂದು ವಿಮೋಚನಕಾಂಡ ಹೇಳುತ್ತದೆ. ಗೊಡ್ಡು ಬೆದರಿಕೆ ಹಾಕಿದ ಶತ್ರುವಿಗೆ ಅರಸ ಅಹಾಬ ಕಳಿಸಿದ ಉತ್ತರ ಹೀಬ್ರೂವಿನಲ್ಲಿ ನಾಲ್ಕೇ ಪದ: ಕಟ್ಟುವವನು ಬಿಚ್ಚುವವನಂತೆ ಕೊಚ್ಚಿಕೊಳ್ಳದಿರಲಿ. ಯುದ್ಧಕ್ಕೆ ಹೊರಟವನು ಗೆದ್ದು ಬಂದವನಂತೆ ಮಾತಾಡಬಾರದು ಎಂದರ್ಥ. ಟೊಂಕ ಕಟ್ಟಿ ನಿಲ್ಲುವ ನಮಗೆ ಈ ನುಡಿಗಟ್ಟುಗಳು ಅಡಿಟಿಪ್ಪಣಿ ಇಲ್ಲದೆಯೇ ಮುಟ್ಟುತ್ತವೆ. ಪಂಚೆಯನ್ನು ಎತ್ತಿ ಕಟ್ಟದೆ ಗದ್ದೆಗೆ ಇಳಿಯಲಾಗದು, ಓಡಲಾಗದು ಎಂಬುದು ಇಲ್ಲಿಯ ಅನುಭವವೂ ಹೌದು. ಮಳೆ ಸುರಿಯುವಾಗ ಎಲೀಯ ಸೊಂಟ ಬಿಗಿದು ಅಹಾಬನ ರಥದ ಮುಂದೆ ಇಜ್ರೇಲಿನವರೆಗೆ ಓಡಿದ ಎನ್ನುವಾಗ, ಬಿಗಿಯುವುದಕ್ಕೆ ಬಳಸಿದ ‘ಶಿನ್ನೇಸ್’ ಎಂಬ ಕ್ರಿಯಾಪದ ಇಡೀ ಹೀಬ್ರೂ ಬೈಬಲ್‌ನಲ್ಲಿ ಆ ಒಂದೇ ಕಡೆ ಬರುತ್ತದೆ.

ಮೂರನೆಯದು ‘ಅಬ್ನೇಟ್’. ಇದು 9 ಸಲ ಬರುತ್ತದೆ. 8 ಸಲ ಮೊದಲ ಮಹಾಯಾಜಕ ಆರೋನ ಮತ್ತು ಅವನ ಮಕ್ಕಳ ಯಾಜಕ ಉಡುಪಿನ ವರ್ಣನೆಯಲ್ಲಿ. ಕಿವಿಗೆ ನಮ್ಮ ‘ಬಂಧ’ದ ಹಾಗೆ ಕೇಳುತ್ತದೆ, ಹಾಗೆ ಜೋಡಿಸುವ ಉತ್ಸಾಹಿಗಳೂ ಇದ್ದಾರೆ. ಆ ಆಸೆಯನ್ನು ಬಿಡಬೇಕು. ಪದ ಬಂದಿರುವುದು ಈಜಿಪ್ಟಿನಿಂದ. ಅಲ್ಲಿಯ ಭಾಷೆಯಲ್ಲಿ ಸುತ್ತುವುದು ಎಂಬರ್ಥದ ಮಾತಿಗೆ ಇದರ ನಂಟು. ನಯವಾಗಿ ಹೊಸೆದ ನಾರುನೂಲಿನ ಜೊತೆಗೆ ನೀಲಿ, ನೇರಳೆ, ಕಡುಗೆಂಪು ನೂಲುಗಳನ್ನು ಸೇರಿಸಿ ಕಸೂತಿಗಾರ ಮಾಡಿದ ಪಟ್ಟಿ ಅದು. ಯೆಹೂದ್ಯ ಸಂಪ್ರದಾಯದ ಪ್ರಕಾರ ಆ ಬಣ್ಣದ ನೂಲು ಉಣ್ಣೆಯದು. ಸಾಮಾನ್ಯ ಯೆಹೂದ್ಯನಿಗೆ ಉಣ್ಣೆಯನ್ನೂ ನಾರನ್ನೂ ಬೆರೆಸಿದ ಬಟ್ಟೆ ನಿಷಿದ್ಧ. ಧರ್ಮೋಪದೇಶಕಾಂಡ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಎಲ್ಲರಿಗೂ ಕೂಡದ್ದೇ ಯಾಜಕನಿಗೆ ಸೇವೆಯ ಸಮವಸ್ತ್ರ. ಆದರೆ ದೋಷಪರಿಹಾರಕ ದಿನದಂದು ಮಹಾಯಾಜಕ ಈ ಬಣ್ಣಗಳನ್ನೆಲ್ಲ ಬಿಟ್ಟು ಬರಿಯ ನಾರಿನ ಅಬ್ನೇಟ್ ಕಟ್ಟಿ ಗರ್ಭಗುಡಿಯೊಳಗೆ ಹೋಗಬೇಕು.

ಒಂಬತ್ತನೆಯ ಸಲ ಅದು ಒಬ್ಬ ಅಧಿಕಾರಿಯ ಸೊಂಟದಲ್ಲಿದೆ. ಯೆಹೂದದ ಅರಸ ಹಿಜ್ಕೀಯನ ಅರಮನೆಯ ಮೇಲ್ವಿಚಾರಕ ಶೆಬ್ನ ಬಂಡೆ ಕೊರೆಸಿ ತನಗೆ ಭರ್ಜರಿ ಸಮಾಧಿ ಮಾಡಿಸಿಕೊಳ್ಳುತ್ತಿದ್ದ. ಪ್ರವಾದಿ ಯೆಶಾಯ ಅವನನ್ನು ಬೈದು, ನಿನ್ನ ಅಂಗಿಯನ್ನು ಎಲ್ಯಾಕೀಮನಿಗೆ ತೊಡಿಸಿ ನಿನ್ನ ಅಬ್ನೇಟನ್ನು ಅವನಿಗೆ ಬಿಗಿಯುತ್ತೇನೆ ಎಂಬ ದೇವರ ಮಾತನ್ನು ಒಪ್ಪಿಸುತ್ತಾನೆ. ಯೆರೂಸಲೇಮಿನ ಎದುರಿನ ಸಿಲ್ವಾನ್ ಹಳ್ಳಿಯಲ್ಲಿ 1870ರಲ್ಲಿ ಸಿಕ್ಕ ಒಂದು ಸಮಾಧಿ ಶಾಸನದಲ್ಲಿ ‘ಮನೆಯ ಮೇಲ್ವಿಚಾರಕ’ ಎಂಬ ಇದೇ ಪದವಿಯಿದೆ, ಹೆಸರಿನ ಮೊದಲರ್ಧ ಮಾತ್ರ ಒಡೆದುಹೋಗಿದೆ. ಅದು ಶೆಬ್ನನದೇ ಇರಬಹುದೆಂದು ಬಹಳ ವಿದ್ವಾಂಸರು ಭಾವಿಸುತ್ತಾರೆ. ಪಟ್ಟಿಯೂ ಹೋಯಿತು, ಹೆಸರೂ ಹೋಯಿತು.

ಯೆಶಾಯನದೇ 11ನೆಯ ಅಧ್ಯಾಯದಲ್ಲಿ ಬರಲಿರುವ ಅರಸನ ವರ್ಣನೆಯಿದೆ: ನೀತಿ ಅವನ ನಡುವಿನ ಏಜೋರ್, ನಿಷ್ಠೆ ಅವನ ಸೊಂಟದ ಏಜೋರ್. ಒಂದೇ ಸಾಲಿನಲ್ಲಿ ಒಂದೇ ಪದ ಎರಡು ಸಲ ಬಂದದ್ದಕ್ಕೆ ಕೆಲವರು ನಕಲು ಮಾಡಿದವನ ಕೈತಪ್ಪು ಎಂದು ತಿದ್ದಲು ಹೊರಟರು. ತಿದ್ದಬೇಕಾಗಿಲ್ಲ. ನೀತಿ ಈ ಅರಸನಿಗೆ ಮೇಲೆ ಹಾಕಿಕೊಂಡ ಒಡವೆಯಲ್ಲ, ಮೈಗಂಟಿದ ಬಟ್ಟೆ ಎಂಬುದೇ ಇಲ್ಲಿಯ ಮಾತು. ಇಲ್ಲಿ ‘ನಿಷ್ಠೆ’ಗೆ ಇರುವ ಹೀಬ್ರೂ ಪದ ‘ಎಮೂನಾ’; ಆಮೆನ್ ಎಂಬ ಮಾತು ಹುಟ್ಟಿದ ಧಾತುವಿನದೇ. ಗ್ರೀಕ್ ಅನುವಾದ ಅದನ್ನು ‘ಸತ್ಯ’ ಎಂದಿತು. ಎಫೆಸದವರಿಗೆ ಬರೆದ ಪತ್ರದಲ್ಲಿ ‘ಸತ್ಯವೆಂಬ ನಡುಕಟ್ಟು’ ಎಂಬ ಪ್ರಸಿದ್ಧ ಮಾತು ಬಂದದ್ದು ಆ ದಾರಿಯಿಂದ. ಪ್ರಸಂಗಗಳಲ್ಲಿ ಇದನ್ನು ರೋಮನ್ ಸಿಪಾಯಿಯ ಬೆಲ್ಟಿನಿಂದ ವಿವರಿಸುವುದು ರೂಢಿ. ಸಿಪಾಯಿ ಕಣ್ಣೆದುರಿಗೆ ಇದ್ದಿರಬಹುದು. ಮಾತು ಮಾತ್ರ ಯೆಶಾಯನದು.

ಇಂದಿನ ಇಸ್ರೇಲಿನಲ್ಲಿ ಕಾರಿನ ಸೀಟ್ ಬೆಲ್ಟಿಗೆ ಹಗೋರಾ ಎನ್ನುತ್ತಾರೆ. ಏಜೋರಿಗೆ ಮಾತ್ರ ಯೆರೆಮೀಯ ಕನಸಿನಲ್ಲೂ ಕಾಣದ ಗತಿ ಬಂತು. ಗ್ರೀಕಿನಲ್ಲಿ ಪಟ್ಟಿ ಎಂಬರ್ಥದ ‘ಜೋನೇ’ ಭೂಮಿಯನ್ನು ಸುತ್ತುವ ವಲಯಕ್ಕೂ ಹೆಸರಾಗಿ, ಯುರೋಪಿನ ಭಾಷೆಗಳಲ್ಲಿ ‘ಜೋನ್’ ಆಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಆಧುನಿಕ ಹೀಬ್ರೂ ಏಜೋರಿಗೆ ‘ಪ್ರದೇಶ’ ಎಂಬ ಅರ್ಥ ಕೊಟ್ಟಿತು. ಈಗ ಅಲ್ಲಿ ಕೈಗಾರಿಕಾ ಏಜೋರ್ ಇದೆ, ಮಳೆ ಮುನ್ಸೂಚನೆಯಲ್ಲಿ ಉತ್ತರದ ಏಜೋರ್ ಇದೆ. ಶಾಲೆಯ ಮಗು ಯೆರೆಮೀಯನ ಅಧ್ಯಾಯವನ್ನು ತೆರೆದರೆ ಪ್ರವಾದಿ ಒಂದು ಜಿಲ್ಲೆಯನ್ನು ಕೊಂಡು ಸೊಂಟಕ್ಕೆ ಕಟ್ಟಿಕೊಂಡಂತೆ ಕಂಡೀತು.

ಅಬ್ನೇಟಿನ ಕಥೆ ಇನ್ನೂ ದೂರ ಹೋಗುತ್ತದೆ. ಒಂದನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಸ್ವತಃ ಯಾಜಕ ಮನೆತನದವನು. ಅವನು ಆ ಪಟ್ಟಿಯನ್ನು ವಿವರವಾಗಿ ಬಣ್ಣಿಸುತ್ತಾನೆ: ನಾಲ್ಕು ಬೆರಳು ಅಗಲ, ಹಾವಿನ ಪೊರೆಯ ಹಾಗೆ ಸಡಿಲ ನೇಯ್ಗೆ, ಮೇಲೆ ಹೂವಿನ ಕಸೂತಿ; ಯಾಜಕ ಸುಮ್ಮನಿದ್ದಾಗ ತುದಿಗಳು ಕಾಲಿನ ಹರಡಿನವರೆಗೆ ಇಳಿಬೀಳುತ್ತವೆ, ಬಲಿ ಅರ್ಪಿಸುವಾಗ ಎಡಹೆಗಲ ಮೇಲೆ ಎಸೆದುಕೊಳ್ಳುತ್ತಾನೆ. ಮೋಶೆ ಇದನ್ನು ಅಬನೇತ್ ಎಂದ, ನಾವೀಗ ಬಾಬಿಲೋನಿನವರಿಂದ ಕಲಿತು ಎಮಿಯ ಎನ್ನುತ್ತೇವೆ ಎಂದೂ ಸೇರಿಸುತ್ತಾನೆ. ಆ ಎಮಿಯ ಎಂದರೆ ಅರಾಮಿಕ್‌ನ ‘ಹೆಮ್ಯಾನ್’. ಮೂಲದಲ್ಲಿ ಇರಾನಿನ ಪದ. ಬೆಳಗ್ಗೆ ಎದ್ದು ಹೆಮ್ಯಾನ್ ಬಿಗಿಯುವಾಗ ‘ಇಸ್ರಾಯೇಲಿಗೆ ಬಲವನ್ನು ಬಿಗಿಯುವವನಿಗೆ ಸ್ತೋತ್ರ’ ಎನ್ನಬೇಕೆಂದು ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಆ ಸ್ತೋತ್ರದಲ್ಲಿ ಬಿಗಿಯುವ ಕ್ರಿಯಾಪದ ಏಜೋರಿನ ಧಾತುವಿನದೇ. ಪಾರಸಿಯಲ್ಲಿ ‘ಹಮ್ಯಾನ್’ ಎಂದರೆ ಸೊಂಟಕ್ಕೆ ಸುತ್ತಿಕೊಳ್ಳುವ ಹಣದ ಪಟ್ಟಿ, ಥೈಲಿ. ಸಂತೆಗೆ ಹೊರಟ ರೈತ ದುಡ್ಡು ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಹಮ್ಮಿಣಿ ಅದೇ. ಹಮ್ಮಿಣಿ, ಹಸಿಬೆ, ಕೆರ ಬೇಡ ಎಂದು ಯೇಸು ಶಿಷ್ಯರನ್ನು ಕಳಿಸಿಕೊಡುವ ಮಾತನ್ನು ಕನ್ನಡ ಬೈಬಲ್‌ನ ಲೂಕನ ಸುವಾರ್ತೆಯಲ್ಲಿ ಓದುವಾಗ, ಜೋಸೆಫಸನು ದೇವಾಲಯದಲ್ಲಿ ಕಟ್ಟಿಕೊಂಡದ್ದರ ಹೆಸರನ್ನೇ ನಾವು ಓದುತ್ತಿರುತ್ತೇವೆ.